ಹಠಮಾರಿ ಸ್ಪೀಕರಿಗೆ ಹಳೆಯ ಆಂಪ್ಲಿಫೈಯರ್ ಹುಡುಕುವಾಗ

1980ರ ದಶಕದ ಕೊನೆಯಲ್ಲಿ ಅಮೆರಿಕದ ಇನ್ಫಿನಿಟಿ ಕಂಪನಿ ಕಪ್ಪಾ 9 ಎಂಬ ಸ್ಪೀಕರನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದೊಂದು ಡಬ್ಬದಲ್ಲೂ ಎರಡೆರಡು 12 ಇಂಚಿನ ವೂಫರ್. ಕಾಗದದ ಮೇಲೆ ಅದು ಸಾಧಾರಣ 4 ಓಮ್ ಸ್ಪೀಕರಿನಂತೆಯೇ ಕಾಣುತ್ತದೆ. ಹಿಂಬದಿಯಲ್ಲಿ ಒಂದು ಸ್ವಿಚ್ ಇದೆ. ಅದನ್ನು ಆಳವಾದ ಬಾಸ್ ಕೊಡುವ ಕಡೆಗೆ ಒತ್ತಿದರೆ ಕೆಳಗಿನ ಸ್ವರಗಳಲ್ಲಿ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, 1 ಓಮ್‌ನ ಆಸುಪಾಸಿಗೆ ಇಳಿದುಬಿಡುತ್ತದೆ. ಅಷ್ಟು ಕಡಿಮೆ ಓಮ್ ಎಂದರೆ ಬಹಳಷ್ಟು ಆಂಪ್ಲಿಫೈಯರುಗಳ ಕಣ್ಣಿಗೆ ಅದು ಶಾರ್ಟ್ ಸರ್ಕ್ಯೂಟಿಗೆ ಹೆಚ್ಚುಕಡಿಮೆ ಸಮ. 100 ವ್ಯಾಟ್ ಎಂದು ಮುಖದ ಮೇಲೆ ಬರೆದುಕೊಂಡ ಎಷ್ಟೋ ಆಂಪ್‌ಗಳು ಈ ಸ್ಪೀಕರಿನ ಮುಂದೆ ರಿಲೇ ಬೀಳಿಸಿ ಸುಮ್ಮನಾಗಿವೆ, ಕೆಲವು ಹೊಗೆಯಾಡಿವೆ. ಅದೇ ಕಾಲದ, ಬರೇ 50 ವ್ಯಾಟ್ ಎಂದು ಬರೆದ ಇನ್ನೊಂದು ಆಂಪ್ ಇದೇ ಸ್ಪೀಕರನ್ನು ಸಲೀಸಾಗಿ ನುಡಿಸುತ್ತದೆ.

ಹಳೆಯ ಹೈ-ಫೈ ಆಂಪ್ ಕೊಳ್ಳಲು ಹೊರಟವರು ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಅರಿತರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ನಲವತ್ತು ವರ್ಷ ಹಳೆಯ ಯಂತ್ರದ ಆರೋಗ್ಯ ನೋಡುವುದು. ಬ್ರ್ಯಾಂಡಿನ ಹೆಸರಿನ ಪ್ರಶ್ನೆ ಇವೆರಡೂ ಆದ ಮೇಲೆ ಬರಬೇಕು.

ಮೊದಲು ಸ್ಪೀಕರನ್ನು ಓದಬೇಕು. 8 ಓಮ್, 4 ಓಮ್ ಎಂದು ಹಿಂದೆ ಅಂಟಿಸಿರುವುದು ಒಂದು ಸರಾಸರಿ ಹೆಸರಷ್ಟೇ. ನಿಜದ ಇಂಪಿಡೆನ್ಸ್ ಒಂದೊಂದು ಸ್ವರಕ್ಕೆ ಒಂದೊಂದು. 8 ಓಮ್ ಎಂಬ ಸ್ಪೀಕರ್ 50 ಹರ್ಟ್ಸ್‌ನಲ್ಲಿ 30 ಓಮ್ ಆಗಿದ್ದು, 120 ಹರ್ಟ್ಸ್‌ನಲ್ಲಿ 4 ಓಮ್‌ಗೆ ಇಳಿಯಬಹುದು. ಆಂಪ್‌ಗೆ ಕಷ್ಟ ಕೊಡುವುದು ಆ ಇಳಿಜಾರುಗಳೇ. ಮಲ್ಟಿಮೀಟರಿನಲ್ಲಿ ಸ್ಪೀಕರ್ ಟರ್ಮಿನಲ್ ಅಳೆದರೆ ಒಂದು ಸುಳಿವು ಸಿಗುತ್ತದೆ: 8 ಓಮ್‌ನದು ಸಾಮಾನ್ಯವಾಗಿ 6ರ ಸುತ್ತ ತೋರಿಸುತ್ತದೆ, 4 ಓಮ್‌ನದು 3ರ ಸುತ್ತ. ಆದರೆ ಕ್ರಾಸ್‌ಓವರ್ ಒಳಗಿನ ಕಾಯಿಲ್, ಕೆಪಾಸಿಟರುಗಳು ಸೇರಿ ಉಂಟುಮಾಡುವ ಇಳಿತ ಮೀಟರಿಗೆ ಕಾಣುವುದಿಲ್ಲ. ಅದಕ್ಕೆ ಆ ಮಾಡೆಲಿನ ಇಂಪಿಡೆನ್ಸ್ ಗ್ರಾಫ್ ಬೇಕು. ಅಮೆರಿಕದ ಸ್ಟೀರಿಯೋಫೈಲ್ ಪತ್ರಿಕೆ ಹಲವು ದಶಕಗಳಿಂದ ವಿಮರ್ಶೆಯ ಜೊತೆಗೆ ಇಂಥ ಗ್ರಾಫ್‌ಗಳನ್ನು ಅಳೆದು ಪ್ರಕಟಿಸುತ್ತ ಬಂದಿದೆ. ಗ್ರಾಫಿನಲ್ಲಿ ನೋಡಬೇಕಾದ್ದು ಎರಡು: ಗೆರೆ ಎಷ್ಟು ಕೆಳಗೆ ಇಳಿಯುತ್ತದೆ, ಮತ್ತು ಯಾವ ಸ್ವರದಲ್ಲಿ. ತೀರ ಮೇಲಿನ ಸ್ವರಗಳಲ್ಲಿ ಇಳಿದರೆ ಅಷ್ಟು ಚಿಂತೆಯಿಲ್ಲ, ಸಂಗೀತದ ಶಕ್ತಿ ಅಲ್ಲಿ ಕಡಿಮೆ. 40ರಿಂದ 300 ಹರ್ಟ್ಸ್ ನಡುವೆ 3 ಓಮ್‌ಗಿಂತ ಕೆಳಗೆ ಹೋದರೆ ಅದು ಹಠಮಾರಿ ಸ್ಪೀಕರೇ ಸರಿ.

ಇನ್ನೊಂದು ಅಂಕಿ ಸೆನ್ಸಿಟಿವಿಟಿ. 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಸದ್ದು. 8 ಓಮ್‌ಗೆ 2.83 ವೋಲ್ಟ್ ಎಂದರೆ ಸರಿಯಾಗಿ 1 ವ್ಯಾಟ್. 4 ಓಮ್‌ಗೆ ಅದೇ ವೋಲ್ಟೇಜ್ 2 ವ್ಯಾಟ್ ಆಗುತ್ತದೆ. ಹಾಗಾಗಿ 87 ಡೆಸಿಬೆಲ್ ಎಂದು ಹೇಳಿಕೊಳ್ಳುವ 4 ಓಮ್ ಸ್ಪೀಕರ್ ವ್ಯಾಟ್ ಲೆಕ್ಕದಲ್ಲಿ 84 ಡೆಸಿಬೆಲ್‌ನದೇ. 1967ರಲ್ಲಿ ಬಂದ ಎಆರ್-3ಎ ಥರದ, ಗಾಳಿಯಾಡದಂತೆ ಮುಚ್ಚಿದ ಡಬ್ಬದ ಸ್ಪೀಕರುಗಳು ಇಲ್ಲೇ ಜನರನ್ನು ಪೇಚಿಗೆ ಸಿಕ್ಕಿಸುತ್ತವೆ. ಪುಸ್ತಕದ ಕಪಾಟಿನಲ್ಲಿ ಕೂರುವ ಗಾತ್ರದಲ್ಲಿ ಅಷ್ಟು ಆಳವಾದ ಬಾಸ್ ಕೊಡುತ್ತವೆ, ಅದರ ಬೆಲೆಯನ್ನು ಆಂಪ್‌ನಿಂದ ವಸೂಲಿ ಮಾಡುತ್ತವೆ.

ಈಗ ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ. ಸ್ಪೀಕರ್ 2.83 ವೋಲ್ಟ್‌ಗೆ 84 ಡೆಸಿಬೆಲ್ ಕೊಡುತ್ತದೆ. ನೀವು 3 ಮೀಟರ್ ದೂರದಲ್ಲಿ ಕೂತಿದ್ದೀರಿ. ದೂರಕ್ಕೆ ಕಳೆದುಹೋಗುವುದು, ಎರಡನೆಯ ಸ್ಪೀಕರ್ ಸೇರಿಸುವುದು, ಗೋಡೆಗಳು ಮರಳಿಸುವುದು ಎಲ್ಲ ಕೂಡಿಸಿ ಕಳೆದು 3 ಡೆಸಿಬೆಲ್ ನಷ್ಟ ಎಂದಿಟ್ಟುಕೊಳ್ಳಿ. ಕಛೇರಿಯ ರೆಕಾರ್ಡಿಂಗ್ ಹಾಕಿದ್ದೀರಿ. ಹಾಡಿನ ಸರಾಸರಿ ಮಟ್ಟ 80 ಡೆಸಿಬೆಲ್, ತನಿ ಆವರ್ತನದಲ್ಲಿ ಮೃದಂಗದ ಒಂದು ಪೆಟ್ಟು ಕ್ಷಣಕಾಲ 100ಕ್ಕೆ ಏರುತ್ತದೆ. 8 ಓಮ್ ಲೆಕ್ಕದಲ್ಲಿ ಸರಾಸರಿಗೆ 1 ವ್ಯಾಟ್ ಕೂಡ ಬೇಡ. ಆದರೆ 20 ಡೆಸಿಬೆಲ್ ಎಂದರೆ ನೂರು ಪಟ್ಟು ಶಕ್ತಿ. ಆ ಪೆಟ್ಟಿಗೆ ಆಂಪ್ ಸುಮಾರು 25 ವೋಲ್ಟ್ ಕೊಡಬೇಕು, ಅಲೆಯ ತುದಿಯಲ್ಲಿ ಅದು 35 ವೋಲ್ಟ್.

ಆ 35 ವೋಲ್ಟ್‌ಗೆ 8 ಓಮ್ ಸ್ಪೀಕರ್ ಎಳೆಯುವ ಕರೆಂಟ್ 4.4 ಆಂಪಿಯರ್. 4 ಓಮ್ ಆದರೆ ಸುಮಾರು 9. ಇಂಪಿಡೆನ್ಸ್ 2 ಓಮ್‌ಗೆ ಇಳಿಯುವ ಸ್ವರದಲ್ಲಿ 17ಕ್ಕೂ ಹೆಚ್ಚು. 1 ಓಮ್‌ನಲ್ಲಿ 35. ಕೇಳುವವರ ಕಿವಿಗೆ ಸದ್ದು ಅಷ್ಟೇ, ವಾಲ್ಯೂಮ್ ಗುಂಡಿ ಇದ್ದಲ್ಲೇ ಇದೆ. ಆಂಪ್‌ನ ಒಳಗೆ ಮಾತ್ರ ಎಂಟು ಪಟ್ಟು ಕರೆಂಟ್ ಹರಿಯಬೇಕಾಗಿದೆ. ಮುಖಫಲಕದ ವ್ಯಾಟ್ ಸಂಖ್ಯೆ ಇದನ್ನು ಹೇಳುವುದೇ ಇಲ್ಲ.

ಈ ಕರೆಂಟ್ ಎಲ್ಲಿಂದ ಬರುತ್ತದೆ? ಟ್ರಾನ್ಸ್‌ಫಾರ್ಮರ್ ಮತ್ತು ಅದರ ಪಕ್ಕದ ದೊಡ್ಡ ಫಿಲ್ಟರ್ ಕೆಪಾಸಿಟರುಗಳಿಂದ. ಹಾದುಬರುವುದು ಔಟ್‌ಪುಟ್ ಟ್ರಾನ್ಸಿಸ್ಟರುಗಳ ಮೂಲಕ. ಟ್ರಾನ್ಸಿಸ್ಟರ್ ಎಷ್ಟು ಬೇಯುತ್ತದೆ ನೋಡಿ: ಸಪ್ಲೈ 50 ವೋಲ್ಟ್ ಇದೆ, ಒಂದು ಗಳಿಗೆಯಲ್ಲಿ ಸ್ಪೀಕರಿಗೆ 10 ವೋಲ್ಟ್ ಹೋಗುತ್ತಿದೆ. ಉಳಿದ 40 ವೋಲ್ಟ್ ಟ್ರಾನ್ಸಿಸ್ಟರಿನ ಮೇಲೆಯೇ ನಿಂತಿದೆ. 8 ಓಮ್ ಲೋಡಿಗೆ ಕರೆಂಟ್ 1.25 ಆಂಪಿಯರ್, ಟ್ರಾನ್ಸಿಸ್ಟರಿನಲ್ಲಿ ಬಿಸಿಯಾಗುವುದು 50 ವ್ಯಾಟ್. 2 ಓಮ್ ಲೋಡಿಗೆ ಕರೆಂಟ್ 5 ಆಂಪಿಯರ್, ಬಿಸಿ 200 ವ್ಯಾಟ್. ನಮ್ಮ ರೇಡಿಯೋ ರಿಪೇರಿಯವರಿಗೆಲ್ಲ ಗೊತ್ತಿರುವ 2ಎನ್3055 ಟ್ರಾನ್ಸಿಸ್ಟರಿನ ಮಿತಿ 115 ವ್ಯಾಟ್, ಅದೂ ಅದರ ಲೋಹದ ಮೈ 25 ಡಿಗ್ರಿಯಲ್ಲಿ ತಣ್ಣಗಿದ್ದಾಗ. ಆದ್ದರಿಂದಲೇ ಗಟ್ಟಿ ಆಂಪ್‌ಗಳಲ್ಲಿ ಒಂದೊಂದು ಚಾನೆಲಿಗೆ ನಾಲ್ಕು, ಆರು, ಎಂಟು ಟ್ರಾನ್ಸಿಸ್ಟರುಗಳನ್ನು ಸಾಲಾಗಿ ಕೂರಿಸಿ ಹೊರೆ ಹಂಚಿರುತ್ತಾರೆ. ಮುಚ್ಚಳ ತೆಗೆದು ಆ ಸಾಲನ್ನು ಎಣಿಸುವುದು ಯಾವ ಜಾಹೀರಾತಿಗಿಂತಲೂ ನಂಬಿಕಸ್ಥ ಮಾಹಿತಿ.

ಸ್ಪೀಕರ್ ಬರೀ ರೆಸಿಸ್ಟರ್ ಅಲ್ಲ ಎಂಬುದು ಇನ್ನೂ ಒಂದು ತೊಡಕು. ಕೆಲವು ಸ್ವರಗಳಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಒಟ್ಟಿಗೆ ಏರಿಳಿಯುವುದಿಲ್ಲ. ವೋಲ್ಟೇಜ್ ಇಳಿದ ಹೊತ್ತಿನಲ್ಲೇ ಕರೆಂಟ್ ತುದಿಯಲ್ಲಿರುತ್ತದೆ. ಆಗ ಸಪ್ಲೈಯ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಟ್ರಾನ್ಸಿಸ್ಟರಿನ ಮೇಲೆ ಬಿದ್ದಿದ್ದು, ಅದರ ಜೊತೆಗೇ ಅತಿ ಹೆಚ್ಚು ಕರೆಂಟ್. ಇದನ್ನು ತಡೆಯಲೆಂದು 1970ರ ದಶಕದ ಬಹಳಷ್ಟು ಆಂಪ್‌ಗಳಲ್ಲಿ ಕರೆಂಟ್ ಮಿತಿಗೊಳಿಸುವ ಸರ್ಕ್ಯೂಟ್ ಹಾಕಿದರು. ಅದು ಟ್ರಾನ್ಸಿಸ್ಟರನ್ನು ಉಳಿಸುತ್ತದೆ, ಆದರೆ ಜೋರಾದ ಬಾಸ್ ಪೆಟ್ಟಿಗೆ ಚಟಪಟ ಎನ್ನುವ ಒರಟು ಸದ್ದು ಸೇರಿಸುತ್ತದೆ. ಈ ಸದ್ದು ಕೇಳಿ ಸ್ಪೀಕರ್ ಹೋಗಿದೆ ಎಂದು ತಿಳಿದು ವೂಫರ್ ಬಿಚ್ಚುವವರಿದ್ದಾರೆ. ಮೊದಲು ಬೇರೆ ಆಂಪ್ ಹಾಕಿ ನೋಡಿ.

ಹಾಗಾದರೆ ಕಂಪನಿಯ ಕಾಗದದಲ್ಲಿ ಏನನ್ನು ಹುಡುಕಬೇಕು? 8 ಓಮ್, 4 ಓಮ್, 2 ಓಮ್ ಮೂರಕ್ಕೂ ಕೊಟ್ಟ ವ್ಯಾಟ್. ಓಮ್ ಅರ್ಧವಾದಾಗ ವ್ಯಾಟ್ ದ್ವಿಗುಣವಾದರೆ ಆ ಆಂಪ್‌ನ ಸಪ್ಲೈ ಬಗ್ಗುವುದಿಲ್ಲ ಎಂದರ್ಥ. 1977ರ ಮಾರ್ಕ್ ಲೆವಿನ್ಸನ್ ಎಂಎಲ್-2 ಇದರ ಪಾಠದಂತಿದೆ: 8 ಓಮ್‌ಗೆ ಬರೇ 25 ವ್ಯಾಟ್, 4 ಓಮ್‌ಗೆ 50, 2 ಓಮ್‌ಗೆ 100. 1980ರಲ್ಲಿ ಶುರುವಾದ ಕ್ರೆಲ್ ಕಂಪನಿಯ ಕೆಎಸ್ಎ-50 ಕೂಡ 50, 100, 200 ಎಂದು ಏರುತ್ತದೆ. ಮೊದಲ ಪ್ಯಾರಾದಲ್ಲಿ ಹೇಳಿದ 50 ವ್ಯಾಟಿನ ಆಂಪ್ ಈ ಜಾತಿಯದು. 8 ಓಮ್‌ಗೆ 100, 4 ಓಮ್‌ಗೆ 120 ಎಂದು ಬರೆದಿದ್ದರೆ ಅಲ್ಲಿ ಕರೆಂಟ್ ಮುಗಿದಿದೆ. 4 ಓಮ್ ಸಂಖ್ಯೆಯನ್ನೇ ಕೊಟ್ಟಿಲ್ಲದಿದ್ದರೆ ಇನ್ನೂ ಅನುಮಾನಿಸಿ. ಬಯಲುಸೀಮೆಯ ಹೆದ್ದಾರಿಯಲ್ಲಿ ಲಾರಿ ಎಷ್ಟು ವೇಗವಾಗಿ ಓಡಿತು ಎಂದು ಕೇಳಿ ಅದು ತುಂಬಿದ ಲೋಡಿನಲ್ಲಿ ಶಿರಾಡಿ ಘಾಟಿ ಹತ್ತುತ್ತದೆಯೇ ಎಂದು ಹೇಳಲಾಗದು. 8 ಓಮ್ ವ್ಯಾಟ್ ಆ ಹೆದ್ದಾರಿಯ ವೇಗ.

ವ್ಯಾಟ್ ಸಂಖ್ಯೆಯನ್ನು ನಂಬಲು ಒಂದು ಕಾಲಗಡಿಯೂ ಇದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಕಂಪನಿಗಳು ‘ಮ್ಯೂಸಿಕ್ ಪವರ್’, ‘ಪೀಕ್ ಪವರ್’ ಎಂದೆಲ್ಲ ಬಾಯಿಗೆ ಬಂದ ಸಂಖ್ಯೆ ಬರೆಯುತ್ತಿದ್ದವು. 1990ರ ದಶಕದಲ್ಲಿ ನಮ್ಮ ಅಂಗಡಿಗಳ ಟೇಪ್‌ರೆಕಾರ್ಡರುಗಳ ಮೇಲೆ 1000 ವ್ಯಾಟ್ ಪಿಎಂಪಿಒ ಎಂದು ಹೊಳೆಯುತ್ತಿದ್ದ ಸ್ಟಿಕರ್ ಅದರದೇ ಸಂತತಿ. 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ನಿಯಮ ತಂದಿತು. ಮೂರನೇ ಒಂದು ಭಾಗ ಪವರಿನಲ್ಲಿ ಒಂದು ಗಂಟೆ ಓಡಿಸಿ ಬಿಸಿ ಮಾಡಿದ ಮೇಲೆಯೇ ಪೂರ್ತಿ ಪವರ್ ಅಳೆದು ಹೇಳಬೇಕಿತ್ತು. ಸಾಮಾನ್ಯ ಕ್ಲಾಸ್ ಎಬಿ ಆಂಪ್‌ಗೆ ಆ ಮೂರನೇ ಒಂದು ಭಾಗದಲ್ಲಿ ಓಡುವುದೇ ಅತಿ ಬಿಸಿಯ ಸ್ಥಿತಿಗಳಲ್ಲೊಂದು. ಈ ಪರೀಕ್ಷೆ ಪಾಸಾಗಲು ದೊಡ್ಡ ಹೀಟ್‌ಸಿಂಕ್, ಭಾರದ ಟ್ರಾನ್ಸ್‌ಫಾರ್ಮರ್ ಹಾಕಲೇಬೇಕಾಯಿತು. 1970ರ ದಶಕದ ಎರಡನೇ ಅರ್ಧದ ಆಂಪ್‌ಗಳ ಮೇಲೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ. ಆಗ ನಡೆದ ಪೈಪೋಟಿಯಲ್ಲಿ ಪಯನಿಯರ್ 1978ರಲ್ಲಿ ಎಸ್ಎಕ್ಸ್-1980 ಎಂಬ ರಿಸೀವರನ್ನು ಹೊರತಂದಿತು, ಚಾನೆಲಿಗೆ 270 ವ್ಯಾಟ್, ತೂಕ ಸುಮಾರು 35 ಕೆ.ಜಿ.

ಹೆಸರುಗಳ ವಿಷಯಕ್ಕೆ ಬಂದರೆ, ಹಳೆಯ ದೈತ್ಯರೆಲ್ಲ ಒಂದೇ ಜಾತಿಯವರಲ್ಲ. 1967ರ ಕ್ರೌನ್ ಡಿಸಿ-300 ಚಾನೆಲಿಗೆ 150 ವ್ಯಾಟಿನ ಗಟ್ಟಿಮುಟ್ಟು ಕೆಲಸಗಾರ, ಇಂದಿಗೂ ರಿಪೇರಿಗೆ ಒಗ್ಗುತ್ತದೆ. ಬಾಬ್ ಕಾರ್ವರ್ ರೂಪಿಸಿದ ಫೇಸ್ ಲಿನಿಯರ್ 700 ಚಾನೆಲಿಗೆ 350 ವ್ಯಾಟ್ ಕೊಟ್ಟು ಆ ಕಾಲದವರನ್ನು ಬೆರಗುಗೊಳಿಸಿತು, ಆದರೆ ಬಲವೆಲ್ಲ ವೋಲ್ಟೇಜಿನಲ್ಲಿತ್ತು. ಕಡಿಮೆ ಓಮ್‌ನ ಲೋಡಿನಲ್ಲಿ ಸುಟ್ಟುಕೊಂಡು ‘ಫ್ಲೇಮ್ ಲಿನಿಯರ್’ ಎಂಬ ಅಡ್ಡಹೆಸರು ಗಳಿಸಿತು. 8 ಓಮ್‌ನ, ಸೆನ್ಸಿಟಿವಿಟಿ ಕಡಿಮೆಯಿರುವ ಸ್ಪೀಕರಿಗೆ ಅದು ಸರಿ. ಕಪ್ಪಾ 9ಕ್ಕೆ ಬೇಡವೇ ಬೇಡ. ಮ್ಯಾಕಿಂಟಾಶ್ ಬೇರೆಯೇ ದಾರಿ ಹಿಡಿಯಿತು. ಅದರ ಟ್ರಾನ್ಸಿಸ್ಟರ್ ಆಂಪ್‌ಗಳ ಔಟ್‌ಪುಟ್‌ನಲ್ಲೂ ಆಟೋಟ್ರಾನ್ಸ್‌ಫಾರ್ಮರ್ ಇದ್ದು, 4, 8, 16 ಓಮ್‌ಗೆ ಬೇರೆಬೇರೆ ಟರ್ಮಿನಲ್ ಇರುತ್ತವೆ. ಸರಿಯಾದ ಟರ್ಮಿನಲಿಗೆ ಹಾಕಿದರೆ ಟ್ರಾನ್ಸಿಸ್ಟರುಗಳಿಗೆ ಯಾವ ಸ್ಪೀಕರಾದರೂ ಒಂದೇ ಹೊರೆ. 1974ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ತನ್ನ ಬೃಹತ್ ‘ವಾಲ್ ಆಫ್ ಸೌಂಡ್’ ವ್ಯವಸ್ಥೆಗೆ ಡಜನ್‌ಗಟ್ಟಲೆ ಮ್ಯಾಕಿಂಟಾಶ್ ಎಂಸಿ2300 ಬಳಸಿತ್ತು. ಇವು ದುಬಾರಿ, ತೂಕವೂ ಭಯಂಕರ.

ಜೇಬಿಗೆ ಹಗುರವಾದದ್ದು ಬೇಕೆಂದರೆ ನಾನು ಮೊದಲು ಹೇಳುವುದು 1985ರ ಆಡ್‌ಕಾಮ್ ಜಿಎಫ್ಎ-555. ನೆಲ್ಸನ್ ಪಾಸ್ ವಿನ್ಯಾಸ, 8 ಓಮ್‌ಗೆ 200, 4 ಓಮ್‌ಗೆ 325 ವ್ಯಾಟ್. ಇದಕ್ಕೂ ಚಿಕ್ಕದಾದ ಹಾಫ್ಲರ್ ಡಿಎಚ್-200ರಲ್ಲಿ ಹಿಟಾಚಿಯ ಲ್ಯಾಟರಲ್ ಮಾಸ್‌ಫೆಟ್‌ಗಳಿವೆ. ಬಿಸಿಯೇರಿದಂತೆ ತಾವೇ ಕರೆಂಟ್ ತಗ್ಗಿಸಿಕೊಳ್ಳುವ ಸ್ವಭಾವ ಅವುಗಳದು, ಹಾಗಾಗಿ ಸುಲಭಕ್ಕೆ ಸಾಯುವುದಿಲ್ಲ. 1978ರ ಪುಟ್ಟ ನ್ಯಾಡ್ 3020 ಕಾಗದದಲ್ಲಿ 20 ವ್ಯಾಟ್, ಆದರೆ 2 ಓಮ್‌ನಲ್ಲಿ ಕ್ಷಣಕಾಲ ಅದರ ಮೂರು ಪಟ್ಟಿಗೂ ಹೆಚ್ಚು ಕೊಡುತ್ತದೆ. ಚಿಕ್ಕ ಕೋಣೆಗೆ ಅದೇ ಸಾಕಾದ ಉದಾಹರಣೆಗಳು ಬೇಕಾದಷ್ಟಿವೆ.

ಬ್ರಿಡ್ಜ್ ಮಾಡುವ ಆಸೆಯನ್ನು ಇಲ್ಲೇ ಬಿಡಿ. ಎರಡು ಚಾನೆಲ್ ಸೇರಿಸಿ ಒಂದು ಮಾಡಿದಾಗ ಪ್ರತಿ ಚಾನೆಲಿಗೂ ಕಾಣುವುದು ಸ್ಪೀಕರಿನ ಅರ್ಧ ಓಮ್. 4 ಓಮ್ ಸ್ಪೀಕರ್ 2 ಓಮ್ ಆಗುತ್ತದೆ, 2ಕ್ಕೆ ಇಳಿಯುವ ಸ್ವರದಲ್ಲಿ 1. ವೋಲ್ಟೇಜ್ ಸಾಲದ ಸ್ಪೀಕರಿಗೆ ಬ್ರಿಡ್ಜ್ ಪರಿಹಾರ, ಕರೆಂಟ್ ನುಂಗುವ ಸ್ಪೀಕರಿಗೆ ಅಲ್ಲ.

ಇನ್ನು ವಯಸ್ಸು. ಮೊದಲು ಒಣಗುವುದು ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು. ದೊಡ್ಡ ಫಿಲ್ಟರ್ ಕೆಪಾಸಿಟರ್ ಮೇಲೆಯೇ ಎಲ್ಲರ ಕಣ್ಣು, ಆದರೆ ಬಿಸಿ ರೆಸಿಸ್ಟರುಗಳ ಪಕ್ಕದಲ್ಲಿ ಕೂತ ಚಿಕ್ಕವು ಅದಕ್ಕೂ ಮೊದಲು ಸಾಯುತ್ತವೆ. ಜಪಾನಿ ಆಂಪ್‌ಗಳಲ್ಲಿ ಕೆಪಾಸಿಟರ್ ಅಲುಗದಿರಲೆಂದು ಬೋರ್ಡಿಗೆ ಹಾಕಿದ ಗೋಂದು ಕಾಲಕ್ರಮದಲ್ಲಿ ಕಂದಾಗಿ ಗಟ್ಟಿಯಾಗುತ್ತದೆ, ಸುತ್ತಲಿನ ಕಾಲುಗಳನ್ನು ತಿನ್ನುತ್ತದೆ, ಕರೆಂಟನ್ನೂ ಹಾಯಿಸತೊಡಗುತ್ತದೆ. ಅದನ್ನು ಕೆರೆದು ತೆಗೆಯದೆ ಮಾಡಿದ ಸರ್ವೀಸ್ ಸರ್ವೀಸೇ ಅಲ್ಲ. ರಿಲೇ ಕಾಂಟ್ಯಾಕ್ಟ್ ಕಪ್ಪಾಗಿದ್ದರೆ ಒಂದು ಕಡೆಯ ಸದ್ದು ಕ್ಷೀಣವಾಗಿದ್ದು ವಾಲ್ಯೂಮ್ ಏರಿಸಿದಾಗ ಫಕ್ಕನೆ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇದ್ದ ಯಂತ್ರವಾದರೆ ರಿಲೇ, ಸ್ವಿಚ್, ವಾಲ್ಯೂಮ್ ಕಂಟ್ರೋಲ್ ಎಲ್ಲವನ್ನೂ ಶುಚಿ ಮಾಡಿಸಬೇಕು ಎಂದುಕೊಂಡೇ ಬೆಲೆ ಮಾತಾಡಿ.

ವೋಲ್ಟೇಜಿನ ವಿಷಯದಲ್ಲಿ ನಮ್ಮಲ್ಲಿ ಆಗುವ ಅನಾಹುತ ಹೆಚ್ಚು. ಜಪಾನಿನ ಒಳಮಾರುಕಟ್ಟೆಯ ಆಂಪ್ 100 ವೋಲ್ಟ್‌ನದು, ಅಮೆರಿಕದ್ದು 120. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭಕ್ಕೆ ಸಿಗುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ 230ನ್ನು 110 ಮಾಡುತ್ತದೆ. ಜಪಾನಿ ಆಂಪ್‌ಗೆ ಅದೇ ಶೇ 10 ಜಾಸ್ತಿ. ರಾತ್ರಿ ಹೊತ್ತು ಮನೆಯ ಲೈನ್ 245ಕ್ಕೆ ಏರಿದರೆ ಔಟ್‌ಪುಟ್ 117. ಒಳಗಿನ ಸಪ್ಲೈಯೂ ಅದೇ ಪ್ರಮಾಣದಲ್ಲಿ ಏರಿ, 63 ವೋಲ್ಟಿನ ಹಳೆಯ ಕೆಪಾಸಿಟರ್ ಮೇಲೆ 65 ವೋಲ್ಟ್ ಕೂತಿರುತ್ತದೆ. 100 ವೋಲ್ಟ್ ಟ್ಯಾಪ್ ಇರುವುದನ್ನೇ ಸುತ್ತಿಸಿಕೊಳ್ಳಿ. ಹಿಂದಿನ ಫಲಕದಲ್ಲಿ 600 ವ್ಯಾಟ್ ಬಳಕೆ ಎಂದಿದ್ದರೆ 1 ಕೆವಿಎ ಟ್ರಾನ್ಸ್‌ಫಾರ್ಮರ್ ಬೇಕು. 60 ಹರ್ಟ್ಸ್ ಎಂದಷ್ಟೇ ಬರೆದಿದ್ದರೆ ನಮ್ಮ 50 ಹರ್ಟ್ಸ್‌ನಲ್ಲಿ ಅದರ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುವ ಸಂಭವವಿದೆ. 50/60 ಎಂದಿದ್ದರೆ ನಿಶ್ಚಿಂತೆ. ಹಿಂದುಗಡೆ 220/240 ಆಯ್ಕೆಯ ಸ್ವಿಚ್ ಇರುವ ರಫ್ತು ಮಾಡೆಲ್ ಸಿಕ್ಕರೆ ಅದನ್ನೇ ಹಿಡಿಯಿರಿ, ಸ್ವಿಚ್ಚನ್ನು 240ರಲ್ಲಿಡಿ.

ಕೊಳ್ಳುವ ದಿನ ಜೊತೆಗೆ ಮೆಕ್ಯಾನಿಕ್ ಇದ್ದರೆ ಒಳ್ಳೆಯದು. ಮುಚ್ಚಳ ಬಿಚ್ಚಿದಾಗ ಬೋರ್ಡಿನ ಮೇಲೆ ಕಂದು ಕಲೆಗಳಿವೆಯೇ, ಕೆಪಾಸಿಟರಿನ ತಲೆ ಉಬ್ಬಿದೆಯೇ ನೋಡಿ. ಔಟ್‌ಪುಟ್ ಟ್ರಾನ್ಸಿಸ್ಟರುಗಳ ನಂಬರ್ ಓದಿ. ಎಡಗಡೆ ಒಂದು ಕಂಪನಿಯದು, ಬಲಗಡೆ ಇನ್ನೊಂದು ಕಂಪನಿಯದಾಗಿದ್ದು ಸ್ಕ್ರೂ ತಲೆ ಸವೆದಿದ್ದರೆ ಆ ಚಾನೆಲ್ ಹಿಂದೊಮ್ಮೆ ಸುಟ್ಟಿತ್ತು ಎಂದು ತಿಳಿಯಿರಿ. ಬಹಳ ದಿನ ಮೂಲೆಯಲ್ಲಿದ್ದ ಆಂಪನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಪ್ರತಿ ರಿಪೇರಿ ಅಂಗಡಿಯಲ್ಲೂ ಇರುವ ಸೀರೀಸ್ ಲ್ಯಾಂಪ್ ಮೂಲಕ ಕೊಡಬೇಕು. ಬಲ್ಬ್ ಹಳೆಯ ಕಾಲದ 100 ವ್ಯಾಟ್ ತಂತಿ ಬಲ್ಬೇ ಆಗಬೇಕು, ಎಲ್ಇಡಿ ನಡೆಯುವುದಿಲ್ಲ. ಸ್ಪೀಕರ್ ಬಿಚ್ಚಿಟ್ಟು ಸ್ವಿಚ್ ಹಾಕಿ. ಬಲ್ಬ್ ಝಗ್ಗನೆ ಹತ್ತಿ, ಕೆಪಾಸಿಟರ್ ತುಂಬಿದಂತೆ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಸುಮ್ಮನಿದ್ದಾಗಲೂ ಹೆಚ್ಚು ಕರೆಂಟ್ ಎಳೆಯುವ ಕ್ಲಾಸ್ ಎ ಆಂಪ್ ಆದರೆ ಮಾತ್ರ ಒಂದಿಷ್ಟು ಬೆಳಕು ಉಳಿಯುವುದು ಸಹಜ.

ನಂತರ ಬಲ್ಬ್ ತೆಗೆದು ನೇರ ಸಪ್ಲೈ ಕೊಟ್ಟು, ರಿಲೇ ಟಕ್ ಎಂದ ಮೇಲೆ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ ಮಿಲಿವೋಲ್ಟ್ ಅಳೆಯಿರಿ. 50ರ ಒಳಗಿದ್ದರೆ ಚೆನ್ನ, 100 ದಾಟಿದರೆ ಕಾರಣ ಹುಡುಕಬೇಕು, ವೋಲ್ಟ್‌ಗಟ್ಟಲೆ ಇದ್ದರೆ ಸ್ಪೀಕರ್ ಸಿಕ್ಕಿಸಲೇಬೇಡಿ. ಮೊದಲು ಹೋದರೂ ಚಿಂತೆಯಿಲ್ಲದ ಸಾದಾ ಸ್ಪೀಕರ್ ಹಾಕಿ ಒಂದು ಗಂಟೆ ನುಡಿಸಿ, ಎರಡೂ ಹೀಟ್‌ಸಿಂಕ್ ಮುಟ್ಟಿ ನೋಡಿ. ಒಂದು ತಣ್ಣಗೆ ಇನ್ನೊಂದು ಸುಡುವಂತಿದ್ದರೆ ಬಯಸ್, ಅಂದರೆ ಸದ್ದಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಕರೆಂಟ್, ತಪ್ಪಿದೆ. ಒಳಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆದು, ಫಿಲ್ಟರ್ ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿಸಿ. 10,000 ಮೈಕ್ರೋಫ್ಯಾರಡ್ 100 ವೋಲ್ಟ್‌ನಲ್ಲಿ ಹಿಡಿದಿಟ್ಟಿರುವುದು 50 ಜೂಲ್. ಸ್ಕ್ರೂಡ್ರೈವರ್ ಅಡ್ಡ ಹಿಡಿಯುವ ಅಭ್ಯಾಸ ಅಪಾಯಕಾರಿ.

ಬಿಡಿಭಾಗ ಸಿಗುವುದೇ ಎಂದು ಮುಂಚೆಯೇ ಕೇಳಿಕೊಳ್ಳಿ. ಬಿಡಿ ಟ್ರಾನ್ಸಿಸ್ಟರುಗಳಿಂದ ಕಟ್ಟಿದ ಆಂಪ್‌ಗೆ ಎಂಜೆ15003, ಎಂಜೆ15004 ಥರದ ಬದಲಿ ಹಾಕಿ ಬದುಕಿಸಬಹುದು. ಔಟ್‌ಪುಟ್ ಭಾಗವನ್ನೆಲ್ಲ ಒಂದೇ ತುಂಡಿನಲ್ಲಿ ಅಡಕಿದ ಎಸ್‌ಟಿಕೆ ಐಸಿ ಮೇಲೆ ನಿಂತ ಆಂಪ್ ಹಠಮಾರಿ ಸ್ಪೀಕರಿಗೆ ತಕ್ಕದ್ದಲ್ಲ. ಆ ಐಸಿ ಸುಟ್ಟರೆ ಅಸಲಿ ಸಿಗುವುದು ಕಷ್ಟ, ನಕಲಿಗಳು ಧಾರಾಳ. ಅಪರೂಪದ ವಿ-ಫೆಟ್ ಹಾಕಿದ ಯಮಾಹಾ, ಸೋನಿ ಆಂಪ್‌ಗಳು ಕೇಳಲು ಸೊಗಸು. ಆದರೆ ಆ ಟ್ರಾನ್ಸಿಸ್ಟರ್ ಹೋದ ದಿನ ಇಡೀ ಯಂತ್ರ ಮೂಲೆ ಸೇರಬೇಕಾದೀತು.

ಎಲ್ಲ ಕಷ್ಟದ ಸ್ಪೀಕರಿಗೂ ಬಲವೇ ಮದ್ದು ಎಂದುಕೊಳ್ಳಬಾರದು. 1957ರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಇದಕ್ಕೆ ತದ್ವಿರುದ್ಧ. ಕೆಳಸ್ವರಗಳಲ್ಲಿ ಅದರ ಇಂಪಿಡೆನ್ಸ್ ಹೆಚ್ಚು, ಮೇಲಕ್ಕೆ ಹೋದಂತೆ 2 ಓಮ್‌ನ ಹತ್ತಿರಕ್ಕೆ ಇಳಿಯುತ್ತದೆ. 33 ವೋಲ್ಟ್ ತುದಿ ದಾಟಿದರೆ ಒಳಗಿನ ತೆಳು ಹಾಳೆಗೆ ಕಿಡಿ ಹಾರಿ ತೂತು ಬೀಳುತ್ತದೆ. ಮೇಲಿನ ಲೆಕ್ಕದ 35 ವೋಲ್ಟ್ ಅದಕ್ಕೇ ಸಾಕು. ಇದಕ್ಕೆ 15 ವ್ಯಾಟಿನ ಕ್ವಾಡ್ 2 ವಾಲ್ವ್ ಆಂಪ್, ಇಲ್ಲವೇ 1967ರ 45 ವ್ಯಾಟಿನ ಕ್ವಾಡ್ 303 ಸರಿಯಾದ ಜೋಡಿ. 1975ರ 100 ವ್ಯಾಟಿನ ಕ್ವಾಡ್ 405 ಹಾಕುವುದಾದರೆ ವೋಲ್ಟೇಜ್ ಮಿತಿಗೊಳಿಸುವ ಏರ್ಪಾಡು ಮಾಡಿಸಲೇಬೇಕು. ಅದೇ 405ರ ಮೊದಲ ಆವೃತ್ತಿಯಲ್ಲಿ ಕರೆಂಟಿಗೂ ಬಿಗಿ ಮಿತಿಯಿದೆ, ಹಾಗಾಗಿ 4 ಓಮ್‌ಗಿಂತ ಕೆಳಗಿಳಿಯುವ ಬೇರೆ ಸ್ಪೀಕರುಗಳಿಗೆ ನಂತರದ 405-2 ವಾಸಿ.

ಹಣ ಹಂಚುವಾಗ ನನ್ನ ಸಲಹೆ ಇಷ್ಟು: ಆಂಪ್‌ನ ಬೆಲೆಯ ಮೂರನೇ ಒಂದು ಭಾಗವನ್ನಾದರೂ ಸರ್ವೀಸಿಗೆಂದು ಬೇರೆ ಎತ್ತಿಡಿ. ಹಳೆಯ ಕ್ರೌನ್, ಫೇಸ್ ಲಿನಿಯರ್ ಮುಂತಾದವುಗಳಲ್ಲಿ ಸ್ಪೀಕರ್ ಕಾಯುವ ರಿಲೇ ಇಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಸಪ್ಲೈಯ ಪೂರ್ತಿ ಡಿಸಿ ನೇರ ವೂಫರಿಗೆ ಹೋಗುತ್ತದೆ. ಅದಕ್ಕೊಂದು ಡಿಸಿ ಪ್ರೊಟೆಕ್ಷನ್ ಬೋರ್ಡ್ ಹಾಕಿಸಿ. ಅದು ಬರುವವರೆಗೆ ಸ್ಪೀಕರ್ ವೈರಿನಲ್ಲಿ ಬೇಗ ಸುಡುವ ಫ್ಯೂಸ್ ಇರಲಿ: 4 ಓಮ್ ಸ್ಪೀಕರಿಗೆ 3 ಆಂಪಿಯರಿನಿಂದ ಶುರುಮಾಡಿ, ಸಾಮಾನ್ಯ ವಾಲ್ಯೂಮಿನಲ್ಲೇ ಅದು ಪದೇಪದೇ ಹೋಗುತ್ತಿದ್ದರೆ ಮಾತ್ರ ಒಂದು ಮೆಟ್ಟಿಲು ಏರಿಸಿ.